ಓಡದಿದ್ದುದಕ್ಕೆ ಮೂರು ಲಕ್ಷ ಡಾಲರ್

ಮಾರಾಟಕ್ಕಿದೆ: 1971ರ ಡಾಟ್ಸನ್ 240ಝಡ್. ಎರಡು ಬಾಗಿಲು, ಎರಡು ಸೀಟು, ಆರು ಸಿಲಿಂಡರು, ನಾಲ್ಕು ಗೇರು. ಒಬ್ಬರೇ ಮಾಲೀಕರು. ಮಳೆ ಕಂಡಿಲ್ಲ, ಹಿಮ ಕಂಡಿಲ್ಲ, ಬಿಸಿಲು ಕಂಡಿದ್ದರೆ ಅದು ಫೋಟೊ ತೆಗೆದ ದಿನ ಮಾತ್ರ. ಒಳಗೆ ಯಾರೂ ಸಿಗರೇಟು ಸೇದಿಲ್ಲ, ಮಕ್ಕಳು ಹತ್ತಿಲ್ಲ, ನಾಯಿ ಹತ್ತಿಲ್ಲ. ಅಸಲಿ ಬಣ್ಣ, ಅಸಲಿ ಟಯರು, ಅಸಲಿ ಜ್ಯಾಕು. ಟೈಂಪಾಸಿಗೆ ಫೋನ್ ಮಾಡುವವರು ದಯವಿಟ್ಟು ಮಾಡಬೇಡಿ. ಚೌಕಾಸಿ ಇಲ್ಲ. ನನ್ನ ಹತ್ತಿರ ಇರುವುದು ಎಂಥದ್ದೆಂದು ನನಗೆ ಗೊತ್ತು.

ಅಮೆರಿಕದಲ್ಲಿ ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರು ಮಾರುವವರ ಜಾಹೀರಾತುಗಳ ಧಾಟಿ ಹೆಚ್ಚುಕಡಿಮೆ ಇದೇ. ಗಾಡಿ ಏನು ಮಾಡಿದೆ ಎಂಬ ಮಾತು ಇಡೀ ಜಾಹೀರಾತಿನಲ್ಲಿ ಎಲ್ಲೂ ಬರುವುದಿಲ್ಲ. ಏನೇನು ಮಾಡಿಲ್ಲ ಎಂಬ ಪಟ್ಟಿ ಮಾತ್ರ ಮುಗಿಯುವುದಿಲ್ಲ. ಹುಡುಗ ಕುಡಿಯಲ್ಲ, ಸೇದಲ್ಲ, ಯಾರ ತಂಟೆಗೂ ಹೋಗಲ್ಲ ಎಂದು ಹೊಗಳಿದ ಮದುವೆ ದಲ್ಲಾಳಿಯನ್ನು ಹುಡುಗಿಯ ಅಜ್ಜಿ, "ಎಲ್ಲ ಸರಿ ಕಣಪ್ಪ, ಕೆಲಸಕ್ಕೆ ಹೋಗ್ತಾನಾ?" ಎಂದು ಕೇಳುತ್ತಾಳಲ್ಲ, ಆ ಪ್ರಶ್ನೆಯನ್ನು ಈ ಜಾಹೀರಾತಿನ ಮುಂದೆ ಯಾರೂ ಕೇಳುವುದಿಲ್ಲ. ಕೇಳಿದವರನ್ನು ಟೈಂಪಾಸಿನವರ ಪಟ್ಟಿಗೆ ಸೇರಿಸಲಾಗುತ್ತದೆ.

ಈ ಕಾರಿಗೆ ಕೆಲಸವೇನೋ ಇತ್ತು. 1969ರ ಅಕ್ಟೋಬರಿನಲ್ಲಿ, ಡಾಟ್ಸನ್ ಗಾಡಿಗಳನ್ನು ತಯಾರಿಸುತ್ತಿದ್ದ ನಿಸ್ಸಾನ್ ಕಂಪನಿ ಇದನ್ನು ಜಪಾನಿನಲ್ಲಿ ಫೇರ್‌ಲೇಡಿ ಝಡ್ ಎಂದು ಹೊರತಂದಿತು. ಅಮೆರಿಕದಲ್ಲಿ ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಯುಟಾಕಾ ಕಟಯಾಮಾ, ಆ ಹೆಸರಿಟ್ಟುಕೊಂಡು ಇಲ್ಲಿ ಸ್ಪೋರ್ಟ್ಸ್ ಕಾರು ಮಾರಿದ ಹಾಗೆಯೇ ಎಂದುಕೊಂಡು, ಹೆಸರಿನ ಬಿಲ್ಲೆ ಕೀಳಿಸಿ 240ಝಡ್ ಎಂದು ಹಚ್ಚಿಸಿದರು. ಬೆಲೆ 3,526 ಡಾಲರ್. ಆಗ ಪೋರ್ಶೆ 911 ಬೇಕೆಂದವರು ಹತ್ತಿರಹತ್ತಿರ ಇದರ ಎರಡರಷ್ಟು ಎಣಿಸಬೇಕಿತ್ತು. 2.4 ಲೀಟರ್ ಎಂಜಿನ್, 150 ಅಶ್ವಶಕ್ತಿ, ಗಂಟೆಗೆ 200 ಕಿಲೋಮೀಟರ್ ಮುಟ್ಟುವ ತಾಕತ್ತು, ಮತ್ತು ಬೆಳಿಗ್ಗೆ ಕೀಲಿ ತಿರುಗಿಸಿದರೆ ತಕರಾರಿಲ್ಲದೆ ಹೊರಡುವ ಒಳ್ಳೆಯ ಬುದ್ಧಿ. ಆ ಕಾಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳನ್ನು ಸಾಕಿದವರಿಗೆ ಈ ಕೊನೆಯ ಗುಣದ ಬೆಲೆ ಚೆನ್ನಾಗಿ ಗೊತ್ತಿತ್ತು. ಶ್ರೀಮಂತರ ಆಟಿಕೆಯನ್ನು ಸಂಬಳದವನ ಕೈಗೆ ಕೊಟ್ಟದ್ದೇ ಈ ಗಾಡಿಯ ಹೆಗ್ಗಳಿಕೆ. ಜನ ಬುಕ್ ಮಾಡಿ ತಿಂಗಳುಗಟ್ಟಲೆ ಕಾದರು. 1973ರ ಹೊತ್ತಿಗೆ ತಯಾರಾದ 240ಝಡ್‌ಗಳು ಒಂದೂವರೆ ಲಕ್ಷಕ್ಕೂ ಹೆಚ್ಚು.

ಒಂದೂವರೆ ಲಕ್ಷ ಎಂಬುದನ್ನು ಸ್ವಲ್ಪ ನೆನಪಿನಲ್ಲಿಡಿ. ಟೊಯೋಟ ಕಂಪನಿಯ 2000ಜಿಟಿ ಎಂಬ ಸುಂದರಿ ತಯಾರಾದದ್ದು ಬರೀ 351. ಅದಕ್ಕೆ ಹತ್ತು ಲಕ್ಷ ಡಾಲರಿನ ಮೇಲೆ ಹರಾಜು ಕೂಗಿದರೆ, ಸರಿ, ಸಿಗದ ವಸ್ತು, ದುಡ್ಡಿದ್ದವರು ಕೊಟ್ಟರು ಎನ್ನಬಹುದು. 240ಝಡ್ ಹಾಗಲ್ಲ. ಊರ ತುಂಬ ಇದ್ದ ಗಾಡಿ. ಜನ ಅದನ್ನು ಆಫೀಸಿಗೆ ಒಯ್ದರು, ಕಡಲತೀರಕ್ಕೆ ಒಯ್ದರು, ಹಿಮಕ್ಕೆ ಉಪ್ಪು ಸುರಿದ ರಸ್ತೆಗಳಲ್ಲಿ ಓಡಿಸಿದರು. ಅದರ ತಗಡಿಗೆ ತುಕ್ಕಿನ ಮೇಲೆ ಮೊದಲಿನಿಂದಲೂ ಅತಿಯಾದ ಪ್ರೀತಿ. ಬ್ಯಾಟರಿಯ ಕೆಳಗೆ, ಕಾಲಿಡುವ ತಳದಲ್ಲಿ, ಬಾಗಿಲಿನ ಕೆಳಪಟ್ಟಿಯಲ್ಲಿ ತುಕ್ಕು ತಿಂದು, ಬಹಳಷ್ಟು ಗಾಡಿಗಳು ಗುಜರಿಗೆ ಹೋದವು. ಕೆಲಸ ಮಾಡಿದವು ಸತ್ತವು. ಮಾಡದವು ಈಗ ಹರಾಜಿನಲ್ಲಿ ನಿಂತು ಮರ್ಯಾದೆ ಮಾಡಿಸಿಕೊಳ್ಳುತ್ತಿವೆ.

ಎಂಥ ಮರ್ಯಾದೆ ಎನ್ನುತ್ತೀರಾ? 2020ರ ಜನವರಿಯಲ್ಲಿ 1971ರ 240ಝಡ್ ಒಂದು ಆನ್‌ಲೈನ್ ಹರಾಜಿನಲ್ಲಿ 3,10,000 ಡಾಲರಿಗೆ ಹೋಯಿತು. ಆಗಿನ ದರದಲ್ಲಿ ಎರಡು ಕೋಟಿ ರೂಪಾಯಿ ದಾಟುತ್ತದೆ. ಹಳೆಯ 3,526 ಡಾಲರಿಗೆ ಅರ್ಧ ಶತಮಾನದ ಬೆಲೆಯೇರಿಕೆಯನ್ನೆಲ್ಲ ಸೇರಿಸಿದರೂ ಇಪ್ಪತ್ನಾಲ್ಕು ಸಾವಿರ ಮುಟ್ಟುವುದು ಕಷ್ಟ. ಉಳಿದದ್ದೆಲ್ಲ ಮೀಟರಿಗೆ ಕೊಟ್ಟ ದಕ್ಷಿಣೆ. ಮೀಟರಿನಲ್ಲಿದ್ದದ್ದು ಸುಮಾರು 21,000 ಮೈಲಿ. 49 ವರ್ಷಕ್ಕೆ ಭಾಗಿಸಿ ನೋಡಿ, ದಿನಕ್ಕೆ ಎರಡು ಕಿಲೋಮೀಟರೂ ಬೀಳುವುದಿಲ್ಲ. ಸಕ್ಕರೆ ಕಾಯಿಲೆಯವರು ಬೆಳಗಿನ ವಾಕಿಂಗಿನಲ್ಲಿ ಇದಕ್ಕಿಂತ ಹೆಚ್ಚು ದೂರ ಹೋಗಿ ಬರುತ್ತಾರೆ. ಈ ಗಾಡಿ ತನ್ನ ಆಯುಷ್ಯದಲ್ಲಿ ಮಾಡಿದ ಹೆಸರಾಂತ ಕೆಲಸವೆಂದರೆ ಒಂದೇ: ಫ್ರಾಂಕ್ಲಿನ್ ಮಿಂಟ್ ಎಂಬ ಕಂಪನಿ ಕಪಾಟಿನಲ್ಲಿಡುವ ಪುಟ್ಟ ಲೋಹದ ಕಾರು ತಯಾರಿಸುವಾಗ ಅಳತೆಗೆ ಮಾದರಿಯಾಗಿ ನಿಂತದ್ದು. ಆಟಿಕೆಗೆ ಮಾದರಿಯಾದ ಕಾರು ಕೊನೆಗೆ ತಾನೇ ಆಟಿಕೆಯ ಬಾಳು ಬಾಳಿತು.

ಇನ್ನು ಆ ಮೀಟರಿನ ಮಹಿಮೆ. ಆ ಕಾಲದ ಮೀಟರುಗಳಲ್ಲಿ ಮೈಲಿ ಎಣಿಸಲು ಐದೇ ಅಂಕಿ. ಲಕ್ಷ ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ಆದ್ದರಿಂದ 21,000 ಎಂದು ಕಂಡದ್ದು ಇಪ್ಪತ್ತೊಂದು ಸಾವಿರವೂ ಇರಬಹುದು, ಒಂದು ಲಕ್ಷದ ಇಪ್ಪತ್ತೊಂದು ಸಾವಿರವೂ ಇರಬಹುದು. ಮೀಟರು ಹಿಂದಕ್ಕೆ ತಿರುಗಿಸುವ ವಿದ್ಯೆ ನಮ್ಮವರದೇ ಎಂದು ಬೀಗುವವರು ಬೀಗಬೇಡಿ. ಅಮೆರಿಕದವರು ಅದನ್ನು ತಡೆಯಲು 1972ರಲ್ಲೇ ಕಾನೂನು ಮಾಡಬೇಕಾಯಿತು. ಆ ಕಾನೂನಿನ ಕೆಳಗೆ ಗಾಡಿ ಮಾರುವವನು ಎಷ್ಟು ಓಡಿದೆ ಎಂದು ಬರೆದು ಸಹಿ ಹಾಕಬೇಕು. ಇಷ್ಟು ಹಳೆಯ ಗಾಡಿಗೆ ಆ ಕಟ್ಟಳೆಯಿಂದ ವಿನಾಯಿತಿ. ಓಟದ ಲೆಕ್ಕಕ್ಕೆ ಅತಿ ಹೆಚ್ಚು ದುಡ್ಡು ಕೊಡುವ ಕಡೆಯೇ ಆ ಲೆಕ್ಕಕ್ಕೆ ಸಹಿ ಬೇಕಿಲ್ಲ. ಹಾಗಾಗಿ ಕೊಳ್ಳುವವರು ಸಾಕ್ಷಿಗಾಗಿ ಬ್ರೇಕ್ ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂದು ಟಾರ್ಚು ಹಿಡಿದು ಮಂಡಿಯೂರಿ ನೋಡುತ್ತಾರೆ. ಬಣ್ಣದ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುವ ಪುಟ್ಟ ಯಂತ್ರವನ್ನು ಬಾಗಿಲಿಗೆ ಒತ್ತಿ ಕಿವಿಗೊಡುತ್ತಾರೆ. ಎಂಜಿನ್ ನಂಬರು, ಬಾಡಿ ನಂಬರು ತಾಳೆ ನೋಡುತ್ತಾರೆ.

ಎಲ್ಲಕ್ಕಿಂತ ಮುಖ್ಯ ಡ್ಯಾಶ್‌ಬೋರ್ಡ್. 240ಝಡ್‌ನ ಡ್ಯಾಶ್‌ಬೋರ್ಡಿಗೆ ಹೊದಿಸಿದ ಕಪ್ಪು ವಿನೈಲು ಕ್ಯಾಲಿಫೋರ್ನಿಯಾದ ಬಿಸಿಲಿಗೆ ಒಣಗಿ, ಕುಗ್ಗಿ, ಮೀಟರುಗಳ ಮೇಲ್ಗಡೆ ಸೀಳುತ್ತದೆ. ಸೀಳದೆ ಉಳಿದದ್ದು ಅಪರೂಪ. ಆದ್ದರಿಂದ ಬಿರುಕಿಲ್ಲದ ಡ್ಯಾಶ್‌ಬೋರ್ಡಿನ ಫೋಟೊಗಳನ್ನು ಹನ್ನೆರಡು ಕೋನದಿಂದ ಹಾಕುತ್ತಾರೆ. ಅದೇ ಜಾಹೀರಾತಿನಲ್ಲಿ ರಸ್ತೆಯ ಮೇಲಿರುವ ಗಾಡಿಯ ಫೋಟೊ ಹುಡುಕಿ, ಸಿಗುವುದಿಲ್ಲ.

ಹಾಗೆಂದು ಧೂಳು ಕಂಡರೆ ಬೆಲೆ ಇಳಿಯುತ್ತದೆ ಎಂದುಕೊಳ್ಳಬೇಡಿ. ಕೊಟ್ಟಿಗೆಯ ಮೂಲೆಯಲ್ಲಿ ಮೂವತ್ತು ವರ್ಷ ಮಲಗಿದ್ದ ಗಾಡಿ ಸಿಕ್ಕರೆ, ಅದರ ಮೇಲಿನ ಧೂಳನ್ನು ಒರೆಸದೆ ಫೋಟೊ ತೆಗೆಯುವುದು ಅಲ್ಲಿನ ಪದ್ಧತಿ. ಆ ಧೂಳೂ ಅಸಲಿ. ಹೆಂಗಸರು ಗೊತ್ತಿಲ್ಲದೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಾರು ಎಂದು ಗಂಡಸರು ಕಾವಲು ಕೂರುತ್ತಾರೋ ಏನೋ.

ಯಂತ್ರಶಾಸ್ತ್ರ ಮಾತ್ರ ಈ ಭಕ್ತಿಗೆ ಸೊಪ್ಪು ಹಾಕುವುದಿಲ್ಲ. ಕಾರು ನಿಂತರೆ ಕೆಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲು ಅಂಟಾಗಿ ಜೆಟ್ಟು ಕಟ್ಟುತ್ತದೆ. ಸೀಲುಗಳು ಒಣಗಿ, ಮೊದಲ ಸಲ ಎಂಜಿನ್ ಬಿಸಿಯಾದ ದಿನ ಎಲ್ಲೆಡೆಯಿಂದ ಸೋರುತ್ತದೆ. ನಿಂತ ಟಯರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗಿ, ರಬ್ಬರು ಕಲ್ಲಾಗುತ್ತದೆ. ಇಲಿಗಳು ಸೀಟಿನೊಳಗೆ ಬಾಣಂತನ ಮಾಡಿ ವೈರು ತಿಂದು ಹೋಗುತ್ತವೆ. ಅಸಲಿ ಟಯರಿಗೆ ಹರಾಜಿನಲ್ಲಿ ಹೆಚ್ಚು ಬೆಲೆ. ಅದೇ ಟಯರಿನ ಮೇಲೆ ಹೈವೇಗೆ ಇಳಿದರೆ ಪ್ರಾಣಕ್ಕೆ ಬೆಲೆ ಇಲ್ಲ. ಅಂದರೆ ಮೂರು ಲಕ್ಷ ಡಾಲರ್ ಕೊಟ್ಟವನಿಗೆ ಸಿಗುವುದು, ಓಡಿಸಬೇಕಾದರೆ ಮೊದಲು ಅರ್ಧ ಬಿಚ್ಚಬೇಕಾದ ಗಾಡಿ. ಬಿಚ್ಚಿದರೆ ಅಸಲಿತನ ಹೋಯಿತು. ಅಸಲಿತನ ಹೋದರೆ ದುಡ್ಡು ಹೋಯಿತು. ಆದ್ದರಿಂದ ಅವನೂ ಮುಸುಕು ಹೊದಿಸಿ, ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ, ಗ್ಯಾರೇಜಿನ ದೀಪ ಆರಿಸುತ್ತಾನೆ.

ಇಂಥ ಗಾಡಿಗೆ ಕಣ್ಣು ಹಾಕುವವರಲ್ಲಿ ಕ್ಯಾಲಿಫೋರ್ನಿಯಾದ ನಮ್ಮ ಹುಡುಗರೂ ಇರುತ್ತಾರೆ. ಅಂಥವನೊಬ್ಬ ಹಾಸನದ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದ ಎಂದುಕೊಳ್ಳಿ.

"ಏನಪ್ಪಾ, ಕಾರು ತಗೊಂಡ್ಯಂತೆ?"

"ಹೂಂ ಅಪ್ಪ. ಎಪ್ಪತ್ತೊಂದರ ಮಾಡೆಲ್ಲು."

"ಎಪ್ಪತ್ತೊಂದಾ? ಸಂಬಳ ಸರಿಯಾಗಿ ಬರ್ತಾ ಇದೆ ತಾನೆ?"

"ಬರ್ತಿದೆ ಅಪ್ಪ. ಇದು ಇನ್ವೆಸ್ಟ್‌ಮೆಂಟು."

"ಆಯ್ತು ಬಿಡು. ನಾವು ಬಂದಾಗ ನಿಮ್ಮಮ್ಮನ್ನ ಒಂದು ರೌಂಡು ಕರ್ಕೊಂಡು ಹೋಗು."

"ಓಡಿಸಿದ್ರೆ ರೇಟು ಬಿದ್ದೋಗತ್ತೆ ಅಪ್ಪ."

"ಅಲ್ಲ ಕಣೋ, ಅಷ್ಟು ದುಡ್ಡು ಹಾಕಿ ಓಡದೇ ಇರೋದನ್ನೇ ತಗೋಬೇಕು ಅಂತಿದ್ರೆ ಊರಲ್ಲೊಂದು ಸೈಟು ತಗೋಬೋದಿತ್ತಲ್ಲೋ. ಅದೂ ಓಡಲ್ಲ, ಅದಕ್ಕೆ ಟಯರೂ ಬೇಕಿಲ್ಲ."

ಹೂಡಿಕೆ ತಜ್ಞರು ಕೋಟು ಹಾಕಿಕೊಂಡು ಹೇಳುವ ಮಾತಿಗಿಂತ ಇದರಲ್ಲಿ ಹುರುಳು ಹೆಚ್ಚು.

240ಝಡ್‌ಗೆ ಬೇರೆ ಬಗೆಯ ಬಾಳೂ ಇತ್ತು. ಪೂರ್ವ ಆಫ್ರಿಕದ ಸಫಾರಿ ರ‍್ಯಾಲಿ ಎಂದರೆ ಆಗ ಕಾರುಗಳ ಪಾಲಿಗೆ ಅಗ್ನಿಪರೀಕ್ಷೆ. ಕೆಸರು, ಧೂಳು, ಹಳ್ಳ, ಎದುರಿಗೆ ಓಡಿಬರುವ ಪ್ರಾಣಿಗಳು, ಐದು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. 1971ರಲ್ಲಿ ಅದನ್ನು ಗೆದ್ದದ್ದು 240ಝಡ್. 1973ರಲ್ಲಿ ಮತ್ತೆ ಗೆದ್ದಾಗ ಸ್ಟೇರಿಂಗ್ ಹಿಡಿದಿದ್ದವರು ಶೇಖರ್ ಮೆಹ್ತಾ, ಉಗಾಂಡದಲ್ಲಿ ಹುಟ್ಟಿದ ಭಾರತೀಯ ಮೂಲದವರು, ಅಲ್ಲಿನ ಸರ್ವಾಧಿಕಾರಿ ಇದಿ ಅಮೀನನ ಕಾಟಕ್ಕೆ ಹಿಂದಿನ ವರ್ಷವಷ್ಟೇ ಊರು ಬಿಟ್ಟು ಕೆನ್ಯಾ ಸೇರಿದ್ದವರು. ಅಂಕದಲ್ಲಿ ಮತ್ತೊಬ್ಬ ಡಾಟ್ಸನ್ ಚಾಲಕನ ಜೊತೆ ಸಮನಾಗಿ, ಕೂದಲೆಳೆಯಲ್ಲಿ ಗೆದ್ದರು. ಮುಂದೆ ಅದೇ ರ‍್ಯಾಲಿಯನ್ನು ಇನ್ನೂ ನಾಲ್ಕು ಸಲ ಗೆದ್ದರು. ಹರಾಜಿನ ಆ ಗಾಡಿ ಏಳು ವರ್ಷಕ್ಕೆ ಓಡಿದಷ್ಟು ದೂರವನ್ನು ಮೆಹ್ತಾರ ಗಾಡಿ ಈಸ್ಟರ್ ರಜೆಯ ಕೆಲವೇ ದಿನಗಳಲ್ಲಿ ಮುಗಿಸಿತು. 240ಝಡ್ ಎಂಬ ಹೆಸರಿಗೆ ಬೆಲೆ ಬಂದದ್ದು ಹೀಗೆ ನುಗ್ಗಾದ ಗಾಡಿಗಳಿಂದ. ಆ ಬೆಲೆಯನ್ನು ಎಣಿಸಿಕೊಳ್ಳುತ್ತಿರುವುದು ಗ್ಯಾರೇಜಿನಲ್ಲಿ ಮಲಗಿದ್ದ ಗಾಡಿಗಳು. ದುಡಿದವನೊಬ್ಬ, ಉಂಡವನೊಬ್ಬ.

ಸರ್ಕಾರಗಳೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಜಪಾನಿನಲ್ಲಿ ಪೆಟ್ರೋಲ್ ಕಾರಿಗೆ 13 ವರ್ಷ ದಾಟಿದರೆ ವಾರ್ಷಿಕ ತೆರಿಗೆ ಏರುತ್ತದೆ, ಎರಡು ವರ್ಷಕ್ಕೊಮ್ಮೆ ದುಬಾರಿ ತಪಾಸಣೆ ಬೇರೆ. ಹಳೆಯದನ್ನು ಕಾಪಾಡಿಕೊಂಡವನಿಗೆ ತಯಾರಿಸಿದ ದೇಶವೇ ದಂಡ ಹಾಕುತ್ತದೆ, ಕೊಂಡ ದೇಶ ಪೂಜೆ ಮಾಡುತ್ತದೆ. ನಮ್ಮಲ್ಲಿ ಇನ್ನೂ ಸೊಗಸು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ನಿಯಮ ತಂದಿತು. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ಪಕ್ಕ 'ವಿಎ' ಎಂದಿರಬೇಕು, ನೋಂದಣಿಗೆ 20,000 ರೂಪಾಯಿ ಕಟ್ಟಬೇಕು. ಇಷ್ಟಾದ ಮೇಲೆ ಗಾಡಿಯನ್ನು ರಸ್ತೆಗೆ ಇಳಿಸಬಹುದಾದದ್ದು ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ವಿಂಟೇಜ್ ರ‍್ಯಾಲಿಗೆ, ರಿಪೇರಿಗೆ ಮತ್ತು ಪೆಟ್ರೋಲ್ ಹಾಕಿಸುವುದಕ್ಕೆ. ಪೆಟ್ರೋಲ್ ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸಿಕೊಂಡು, ಆ ಪೆಟ್ರೋಲಿನಲ್ಲಿ ಮನೆಗೆ ಬಂದು, ಮತ್ತೆ ಬಂಕಿಗೆ ಹೋಗಲು ಯಾವ ಅಡ್ಡಿಯೂ ಇಲ್ಲ. ಮಗಳನ್ನು ಕಾಲೇಜಿಗೆ ಬಿಡುವಂತಿಲ್ಲ. ಅಮೆರಿಕದವನು ಬೆಲೆ ಬಿದ್ದೀತೆಂದು ಓಡಿಸುವುದಿಲ್ಲ. ನಾವು ಅದನ್ನೇ ನಿಯಮವಾಗಿ ಬರೆದುಕೊಂಡಿದ್ದೇವೆ.

ಹಳೆಯ ವಸ್ತುವನ್ನು ಜೋಪಾನ ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ ಸ್ವಾಮಿ. ಮ್ಯೂಸಿಯಮ್ಮಿನಲ್ಲಿ ಒಂದೆರಡು ಇರಲಿ, ಮುಂದಿನವರು ನೋಡಲಿ. 1990ರ ದಶಕದ ಕೊನೆಯಲ್ಲಿ ನಿಸ್ಸಾನ್ ಕಂಪನಿಯೇ ಹಳೆಯ 240ಝಡ್‌ಗಳನ್ನು ಹುಡುಕಿ ತಂದು, ಪೂರ್ತಿ ಬಿಚ್ಚಿ ಹೊಸದಾಗಿಸಿ, ಸುಮಾರು 25,000 ಡಾಲರಿಗೆ ಮಾರಿತ್ತು. ಅದು ಜೋಪಾನ. ಕೊಂಡವನು ಓಡಿಸಲಿ ಎಂದು ಮಾಡಿದ ಕೆಲಸ. ಇಂದಿನ ಮಾರುಕಟ್ಟೆಯಲ್ಲಿ ಅಂಥ ಗಾಡಿಗಿಂತ ಯಾರೂ ಮುಟ್ಟದ ಗಾಡಿಗೇ ಗೌರವ. ಸಂಬಳದವನಿಗೆಂದು ಮಾಡಿದ ಕಾರು ಸಂಬಳದವನ ಕೈಗೆ ಎಟುಕದಂತಾದದ್ದು ಈ ಗೌರವದ ಫಲ.

ಕೊಳ್ಳುವ ಯೋಗ ನಿಮಗಿದ್ದರೆ ಇಷ್ಟು ಮಾಡಿ. ಹೊಳೆಯುವ ಗಾಡಿಯ ಜಾಹೀರಾತು ಬಿಟ್ಟು, ಲಕ್ಷ ಮೈಲಿ ದಾಟಿದ, ಡ್ಯಾಶ್‌ಬೋರ್ಡ್ ಬಿರಿದ, ತಳಕ್ಕೆ ಹೊಸ ತಗಡು ಬೆಸೆದ, ಬಿಲ್ಲುಗಳನ್ನೆಲ್ಲ ಫೈಲಿನಲ್ಲಿಟ್ಟ ಗಾಡಿಯನ್ನು ಹುಡುಕಿ. ಬೆಲೆ ಬಹಳ ಕಡಿಮೆ. ಕೆಡುವುದೆಲ್ಲ ಆಗಲೇ ಕೆಟ್ಟು ರಿಪೇರಿಯಾಗಿರುತ್ತದೆ. ಹೊಸ ಟಯರು ಹಾಕಿಸಿ, ಬ್ರೇಕ್ ನೋಡಿಸಿ, ಭಾನುವಾರ ಬೆಳಿಗ್ಗೆ ಊರಾಚೆಯ ರಸ್ತೆಗೆ ತನ್ನಿ. ರೇಟು ಬೀಳುತ್ತದೆ, ಬೀಳಲಿ. ಕಾರಿಗೆ ಕೊಟ್ಟ ದುಡ್ಡು ಓಡಿಸಿದಾಗ ಮಾತ್ರ ವಸೂಲಾಗುತ್ತದೆ.