ಎರಡು ಇಂಚಿನ ಅಂತಸ್ತು: ಪಿಕಪ್ಪಿನ ಪಾಟಾದೊಂದಿಗೆ ಮಾತುಕತೆ

ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಲ್ಲಿ ಎತ್ತರದ ಹೆಮ್ಮೆ ಇಷ್ಟು ದಿನ ಹಳೆಯ ಕೋಟೆಗೆ ಮೀಸಲಾಗಿತ್ತು. ಈಗ ಪಿಕಪ್ ಗಾಡಿಗಳಿಗೂ ಅದು ಬೇಕಾಗಿದೆ. ಒಂದೆರಡು ಇಂಚು ಎತ್ತಿಸಿದರೆ ಗಾಡಿಗೆ ರುಬಾಬು, ರಸ್ತೆಗೆ ಉತ್ತರ ಎಂಬುದು ಮಾಲಕರ ನಂಬಿಕೆ. ಈ ನಂಬಿಕೆಯನ್ನು ಬೆನ್ನ ಮೇಲೆ ಹೊರಬೇಕಾದವರು ಹಿಂದಿನ ಆಕ್ಸಲ್ಲಿನ ಮೇಲೆ ಪಟ್ಟಿ ಪಟ್ಟಿಯಾಗಿ ಮಲಗಿರುವ ಶ್ರೀಮಾನ್ ಪಾಟಾ, ಅರ್ಥಾತ್ ಲೀಫ್ ಸ್ಪ್ರಿಂಗ್. ಗ್ಯಾರೇಜಿನಲ್ಲಿ ಜ್ಯಾಕಿನ ಮೇಲೆ ಬಿಡುವಾಗಿದ್ದ ಅವರನ್ನು ಮಾತನಾಡಿಸಲಾಯಿತು.

ಪಾಟಾ ಅವರೇ, ನಿಮಗೆ ಬಡ್ತಿ ಸಿಗುತ್ತಿದೆ. ಸಂತೋಷವೇ?

ಬಡ್ತಿ ಮಾಲಕರಿಗೆ ರೀ, ನನಗ ಬರೇ ಬದಲಿ ಕೆಲಸ. ಗಾಡಿ ಕೆಳಗ ಬಡೀತದ, ಅದಕ್ಕ ಎತ್ತಿಸ್ತೀವಿ ಅಂತಾರ. ಬಡಿಯೋದು ಯಾವ ಭಾಗ ಅಂತ ಬಗ್ಗಿ ನೋಡಿದವರು ಕಡಿಮಿ. ಹಿಂದಿನ ಎರಡು ಗಾಲಿ ನಡುವ ಉಬ್ಬಿಕೊಂಡ ಡಿಫ್ರೆನ್ಷಿಯಲ್ ಅದ ನೋಡ್ರಿ, ಹೊಲದ ದಾರಿಯಾಗ ಕಲ್ಲು ತಗಲೋದು ಬಹಳ ಸಲ ಅದಕ್ಕೇ. ಅದು ಆಕ್ಸಲ್ಲಿನ ಭಾಗ. ಆಕ್ಸಲ್ ಎಷ್ಟು ಎತ್ತರ ಇರಬೇಕು ಅನ್ನೋದು ಟೈರಿನ ಕೈಯಾಗ ಅದ, ನನ್ನ ಕೈಯಾಗ ಇಲ್ಲ. ನನಗೂ ಆಕ್ಸಲ್ಲಿಗೂ ನಡುವ ಬ್ಲಾಕ್ ಇಟ್ಟು ಉದ್ದನ ಯು-ಬೋಲ್ಟ್ ಬಿಗೀರಿ, ಒಂದು ಪಟ್ಟಿ ಹೆಚ್ಚಿಗಿ ಸೇರಿಸ್ರಿ, ಶ್ಯಾಕಲ್ ಉದ್ದ ಮಾಡ್ರಿ. ಏರೋದು ಚಾಸಿ, ಕ್ಯಾಬಿನ್, ಹಿಂದಿನ ಬಾಡಿ. ಡಿಫ್ರೆನ್ಷಿಯಲ್ ಇದ್ದಲ್ಲೇ ಇರ್ತದ. ರೊಕ್ಕ ಕೊಟ್ಟು ಮಾಲಕರು ಎತ್ತರ ಕುಂದರ್ತಾರ, ಕಲ್ಲು ಮೊದಲಿನಂಗೇ ಬಡೀತದ.

ಆದರೆ ಹಂಪು ದಾಟುವಾಗ ಬಂಪರ್ ಉಜ್ಜುತ್ತದೆ, ಹಳ್ಳಕ್ಕೆ ಇಳಿಯುವಾಗ ಮೂತಿ ತಾಗುತ್ತದೆ. ಅದಕ್ಕಾದರೂ ಲಿಫ್ಟ್ ಬೇಡವೇ?

ಆ ಮಾತು ಒಪ್ತೀನಿ. ಬಂಪರ್ ಚಾಸಿ ಸಂಗಾಟ ಏರ್ತದ, ಇಳಿಜಾರಿನಾಗ ಅಷ್ಟು ಅನುಕೂಲ ಖರೇ. ಆದ್ರ ಹಂಪಿನ ಲೆಕ್ಕ ಬ್ಯಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಉಬ್ಬಿಗೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ತಾಸಿಗೆ 25 ಕಿಲೋಮೀಟರ್ ವೇಗದಾಗ ಅಂಥಾದ್ದನ್ನ ಪಿಕಪ್ ತಕರಾರಿಲ್ಲದ ದಾಟ್ತದ. ರಾತ್ರೋರಾತ್ರಿ ಎದ್ದು ಕುಂತ ಹಂಪಿಗೆ ಅಗಲ ಒಂದು ಮೊಳ, ಎತ್ತರ ಊರಿನ ಸಿಟ್ಟಿನಷ್ಟು. ಅದನ್ನ ಕೆತ್ತಿಸ್ರಿ ಅಂತ ಪಂಚಾಯ್ತಿಗೆ ಒಂದು ಅರ್ಜಿ ಕೊಡೋದು ಬಿಟ್ಟು, ಊರಾಗಿನ ಗಾಡಿ ಎಲ್ಲಾ ಒಂದೊಂದಾಗಿ ಎತ್ತಿಸೋದು ಯಾವ ಶಾಣ್ಯಾತನ ರೀ?

ಹಂಪು ಬಿಡಿ. ಲೋಡ್ ಹಾಕಿದರೆ ನೀವೇ ಕುಸಿಯುತ್ತೀರಿ ಎಂಬ ದೂರಿದೆ.

ಬಂತು ನೋಡ್ರಿ ಅಸಲಿ ಸಂಗತಿ! 1.7 ಟನ್ನಿನ ಪಿಕಪ್ ಅಂದ್ರ 17 ಕ್ವಿಂಟಾಲ್. ಸೋಯಾ ಸುಗ್ಗಿಯಾಗ ಬೀದರಿನ ಗಾಂಧಿ ಗಂಜಿಗೆ ಹೊರಟ ಗಾಡಿಗೆ 25 ಕ್ವಿಂಟಾಲ್ ಏರಿಸಿ, ಪಾಟಾ ಕುಂತದ ಅಂದ್ರ ತಪ್ಪು ಯಾರದು? ನಾ ಸ್ಪ್ರಿಂಗ್ ಉಕ್ಕು. ಮಿತಿಯೊಳಗ ಬಗ್ಗಿದ್ರ ಎದ್ದು ನಿಲ್ತೀನಿ, ಮಿತಿ ಮೀರಿದ್ರ ಹಳೆ ಕಮಾನಿಗೆ ಬರಂಗಿಲ್ಲ. ಆಗ ಹೆಚ್ಚಿನ ಪಟ್ಟಿ ಹಾಕಸ್ತಾರ. ಹಾಕಿಸಿದ ಮರುದಿನ ‘ಈಗ ಗಟ್ಟಿ ಆಗ್ಯದ, ಇನ್ನೈದು ಚೀಲ ಒಗಿ’ ಅಂತಾರ. ನಾ ಗಟ್ಟಿ ಆದ್ರ ಬೇರಿಂಗ್, ಬ್ರೇಕ್, ಟೈರ್, ಚಾಸಿ ಗಟ್ಟಿ ಆಗ್ತಾವೇನು? ಬ್ರೇಕು 17 ಕ್ವಿಂಟಾಲಿನ ಲೆಕ್ಕದ್ದೇ ಇರ್ತದ. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಾಗ ಹೆಚ್ಚಿನ ಲೋಡಿಗೆ 20,000 ರೂಪಾಯಿ ದಂಡ, ಮ್ಯಾಲ ಹೆಚ್ಚಿನ ಪ್ರತಿ ಟನ್ನಿಗೆ 2,000. ಇನ್ನು ಖಾಲಿ ಗಾಡಿಯಾಗ ಹೆಚ್ಚಿನ ಪಟ್ಟಿ ಬಗ್ಗಂಗೇ ಇಲ್ಲ. ಹಿಂದಿನ ಗಾಲಿ ಕುಣೀತದ, ರಸ್ತಾದ ಹಿಡಿತ ಬಿಡ್ತದ. ಖರೇನೇ ಕುಸಿದಿದ್ರ ಬುಷ್, ಶ್ಯಾಕಲ್ ಪಿನ್, ಒಡೆದ ಪಟ್ಟಿ ನೋಡಿಸಿ, ಕಂಪನಿ ಅಳತಿಯ ಪಾಟಾ ಎರಡೂ ಕಡೆ ಬದಲಿ ಮಾಡಸ್ರಿ. ಹೋದ ಎತ್ತರ ಅಷ್ಟಕ್ಕೇ ವಾಪಸ್ ಬರ್ತದ. ಕುಲುಮಿಯಾಗ ಕೆಂಪಗ ಕಾಯಿಸಿ ಕಮಾನು ಏರಿಸೋರು ಇರ್ತಾರ. ಮತ್ತ ಹದ ಕೊಡದಿದ್ರ ಆ ಉಕ್ಕು ಬರೇ ಕಬ್ಬಿಣ.

ನೀವು ಸ್ವಲ್ಪ ಹೆದರಿಸುತ್ತಿದ್ದೀರಿ. ಬರೀ ಎರಡು ಇಂಚಿಗೆ ಇಷ್ಟು ಗದ್ದಲವೇ?

ಎರಡು ಇಂಚು ಅಂದ್ರ 5 ಸೆಂ.ಮೀ. ಲೋಡಿನ ಭಾರದ ನಡು ನೆಲದಿಂದ ಒಂದು ಮೀಟರ್ ಮ್ಯಾಲ ಇದ್ರ, ತಿರುವಿನಾಗ ಪಲ್ಟಿ ಆಗದಂಗ ತಡಿಯೋ ಶಕ್ತಿ ಅಂದಾಜು 5 ಶೇಕಡಾ ಕಡಿಮಿ ಆಗ್ತದ. ಎಡ-ಬಲ ಗಾಲಿ ನಡುವಿನ ಅಗಲ ಬದಲಾಗಿಲ್ಲ ನೋಡ್ರಿ. ಇದಕ್ಕಿಂತ ಗುಪ್ತ ಸಂಗತಿ ಇನ್ನೊಂದದ. ಬಹಳ ಪಿಕಪ್ಪಿನಾಗ ಚಾಸಿಗೂ ಆಕ್ಸಲ್ಲಿಗೂ ಒಂದು ಸಣ್ಣ ಸಲಾಕಿ ಕಟ್ಟಿದ ಬ್ರೇಕ್ ವಾಲ್ವ್ ಇರ್ತದ. ಚಾಸಿ ಕೆಳಗ ಕುಂತಷ್ಟು ಹಿಂದಿನ ಗಾಲಿಗೆ ಬ್ರೇಕ್ ಹೆಚ್ಚಿಗಿ ಕೊಡೋದು ಅದರ ಕೆಲಸ. ಗಾಡಿ ಎತ್ತಿಸಿ ಅದನ್ನ ಹೊಂದಿಸದಿದ್ರ, ತುಂಬಿದ ಗಾಡಿನ ಖಾಲಿ ಅಂತ ತಿಳೀತದ, ಹಿಂದಿನ ಬ್ರೇಕ್ ಕಡಿಮಿ ಮಾಡ್ತದ. ಬ್ರೇಕ್ ಹೋಸ್ ಎಳೀತದ, ಪ್ರೊಪೆಲರ್ ಶಾಫ್ಟಿನ ಕೋನ ಬದಲಾಗ್ತದ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೀತದ. ಇನ್ನು ಕಾಯ್ದೆ. 52ನೇ ಕಲಮಿನ ಪ್ರಕಾರ ಕಂಪನಿಯ ಮೂಲ ವಿವರಕ್ಕ ಹೊಂದದಂಗ ಗಾಡಿ ಬದಲಿಸಂಗಿಲ್ಲ. ಕೇರಳದ ಒಂದು ಪ್ರಕರಣದಾಗ ಸುಪ್ರೀಂ ಕೋರ್ಟು 2019ರ ಜನವರಿಯಾಗ ಇದನ್ನೇ ಗಟ್ಟಿಮಾಡಿ ಹೇಳ್ಯದ. 182ಎ ಕಲಮಿನಾಗ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ.

ಇಷ್ಟೆಲ್ಲ ಕೇಳಿಯೂ ಎತ್ತಿಸಲೇಬೇಕು ಎನ್ನುವವರಿಗೆ?

ಮೊದಲು ಭಾಲ್ಕಿಯ ಆರ್‌ಟಿಓ ಕಚೇರಿಯಾಗ ಕೇಳಿ, ಬರಹದಾಗ ಉತ್ತರ ತಗೋರಿ. ಅವರು ಹೂಂ ಅಂದ್ರೂ ಒಂದು ಇಂಚಿಗೆ, ಹೆಚ್ಚಂದ್ರ ಒಂದೂವರೆಗೆ ನಿಲ್ಲಸ್ರಿ. ಬ್ಲಾಕಿನ ಮ್ಯಾಲ ಬ್ಲಾಕ್ ಏರಿಸಬ್ಯಾಡ್ರಿ, ಮುಂದಿನ ಆಕ್ಸಲ್ಲಿಗಂತೂ ಬ್ಲಾಕ್ ಬ್ಯಾಡೇ ಬ್ಯಾಡ. ಕೆಲಸ ಮುಗಿದ ಮ್ಯಾಲ ಆ ವಾಲ್ವ್, ಅಲೈನ್‌ಮೆಂಟ್, ಹೆಡ್‌ಲೈಟ್ ಹೊಂದಿಸಿ, ಸ್ವಲ್ಪ ಓಡಿಸಿದ ಬಳಿಕ ಯು-ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಸ್ರಿ. ಆದ್ರ ಗ್ಯಾರೇಜಿಗೆ ಬರೋಕಿಂತ ಮುಂಚೆ ಒಂದು ಕೆಲಸ ಅದ. ತುಂಬಿದ ಗಾಡಿ ಕಾಟಾದ ಮ್ಯಾಲ ನಿಲ್ಲಿಸಿ, ಚೀಟಿ ತಗೊಂಡು, ಆರ್‌ಸಿಯಾಗ ಬರೆದ ತೂಕದ ಬಾಜೂಕ ಇಟ್ಟು ಓದ್ರಿ.