ಅಕ್ಟೋಬರ್ ತಿಂಗಳ ಊಟ

ವಿದ್ಯಾರ್ಥಿವೇತನದ ಕಡತಕ್ಕೆ ಸಹಿ ಹಾಕುವ ಮಾನ್ಯರೇ,

ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವವಳು. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ನೋಡಿಕೊಳ್ಳುವ ಕೆಲಸವೂ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ.

ಹೋದ ವರ್ಷ ಎರಡನೇ ಬಿ.ಎ.ಯ ಹುಡುಗನೊಬ್ಬ ಅಕ್ಟೋಬರ್ ಹೊತ್ತಿಗೆ ತರಗತಿಗೆ ಬರುವುದನ್ನು ಕಡಿಮೆ ಮಾಡಿದ. ಚೆನ್ನಾಗಿ ಓದುವವನು. ಹಾಸ್ಟೆಲ್ ಸೀಟು ಸಿಕ್ಕಿರಲಿಲ್ಲ, ಇಬ್ಬರು ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದ. ಕರೆಸಿ ಕೇಳಿದೆ. ಅಂಗೈ ತೋರಿಸಿದ, ಸಿಮೆಂಟು ತಿಂದು ಚರ್ಮ ಸುಲಿದಿತ್ತು. ವಾರದಲ್ಲಿ ಮೂರು ದಿನ ಗಾರೆ ಕೆಲಸ. ‘ಸ್ಕಾಲರ್‌ಶಿಪ್ ಬಂದ ಕೂಡ್ಲೇ ಬಿಟ್ಬಿಡ್ತೀನಿ ಮೇಡಂ’ ಅಂದ. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಹಾಜರಾತಿ ಶೇಕಡಾ 75ಕ್ಕಿಂತ ಕೆಳಗಿಳಿದಿದ್ದರಿಂದ ಅವನನ್ನು ಪರೀಕ್ಷೆಗೆ ಕೂರಿಸಲಾಗಲಿಲ್ಲ. ಆ ಪಟ್ಟಿಗೆ ಸಹಿ ಹಾಕಿದವಳು ನಾನೇ. ಅಕ್ಟೋಬರ್ ತಿಂಗಳ ಊಟದ ದುಡ್ಡು ಮೇ ತಿಂಗಳಲ್ಲಿ ಅವನ ಖಾತೆಗೆ ಬಂತು.

ಕೊಡಬೇಕೆಂಬ ಮನಸ್ಸು ಈ ನಾಡಿಗೆ ಇಲ್ಲವೆಂದು ನಾನು ಹೇಳಲಾರೆ. 2013-14ರಲ್ಲಿ ವಿದ್ಯಾಸಿರಿ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಖುಷಿಪಟ್ಟಿದ್ದೆವು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು. ಕಾಲೇಜು ಶುಲ್ಕ ಮಾತ್ರವಲ್ಲ, ಹೊಟ್ಟೆಯೂ ಓದಿನ ಖರ್ಚೇ ಎಂದು ಒಪ್ಪಿಕೊಂಡ ಯೋಜನೆ ಅದು. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಂತೂ 1944ರಷ್ಟು ಹಳೆಯದು, ಸ್ವಾತಂತ್ರ್ಯಕ್ಕಿಂತ ಮೊದಲಿನದು.

ಆದರೆ ಆ ದುಡ್ಡಿನ ದಾರಿಯನ್ನು ಒಮ್ಮೆ ನಮ್ಮ ಕಡೆಯಿಂದ ನಡೆದು ನೋಡಿ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ ಅದರ ಮೇಲಿನ ಆರ್‌ಡಿ ನಂಬರ್ ಪಡೆಯಬೇಕು. ಸೈಬರ್ ಸೆಂಟರಿನಲ್ಲಿ ಸಾಲು ನಿಂತು ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ತುಂಬಬೇಕು. ಅಂಕಪಟ್ಟಿಯ ಹೆಸರಿಗೂ ಆಧಾರಿನ ಹೆಸರಿಗೂ ಒಂದು ಇನಿಷಿಯಲ್ ವ್ಯತ್ಯಾಸವಿದ್ದರೆ ಮತ್ತೆ ಓಡಾಟ. ಆಮೇಲೆ ದಾಖಲೆ ಪರಿಶೀಲನೆ, ಮಂಜೂರಾತಿ. ಇಷ್ಟೆಲ್ಲ ಮುಗಿದರೂ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿನ ಖಾತೆಗೆ ಜೋಡಣೆಯಾಗಿದೆಯೋ ದುಡ್ಡು ಅಲ್ಲಿಗೇ ಹೋಗುತ್ತದೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ಮೂರು ತಿಂಗಳು ಪಾಸ್‌ಬುಕ್ ಹಿಡಿದು ಒಂದು ಬ್ಯಾಂಕಿಗೆ ಅಲೆದಳು. ಹಣ ಬಂದು ಕೂತಿದ್ದು ಅವಳು ಮರೆತೇಬಿಟ್ಟಿದ್ದ ಇನ್ನೊಂದು ಖಾತೆಯಲ್ಲಿ. ಅದನ್ನು ಹೇಳುವವರು ಯಾರೂ ಇರಲಿಲ್ಲ, ನನಗೂ ತಡವಾಗಿ ಹೊಳೆಯಿತು. ಅವಳು ಅತ್ತಿದ್ದನ್ನು ನಾನು ಮರೆತಿಲ್ಲ.

ಸುಳ್ಳು ಅರ್ಜಿ ತಡೆಯಲು ಪರಿಶೀಲನೆ ಬೇಕು, ನಿಜ. ಒಮ್ಮೆ ಪರಿಶೀಲಿಸಿದ ಮೇಲೂ ತಡವೇಕೆ? 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದಾಗ ನಮ್ಮ ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಿ ಬಸ್ಸು ಹತ್ತಿದರು, ಕಂಡಕ್ಟರ್ ಸೊನ್ನೆ ಟಿಕೆಟ್ ಹರಿದು ಕೊಟ್ಟರು. ಈಗ ಬಸ್ಸು ಹತ್ತಿ, ಆರು ತಿಂಗಳು ಬಿಟ್ಟು ಟಿಕೆಟ್ ಹಣ ಕೊಡುತ್ತೇವೆ ಎಂದು ಯಾರೂ ಹೇಳಲಿಲ್ಲ. ನೆರವು ಬೇಕಾದ ದಿನವೇ ಕೈಗೆ ಸಿಗುವಂತೆ ಮಾಡಲು ಸರ್ಕಾರಕ್ಕೆ ಗೊತ್ತಿದೆ.

ತಿಂಗಳಿಗಿಷ್ಟು ಎಂದು ವೇತನ ಕೊಡುವುದೂ ಹೊಸದಲ್ಲ. 1913ರಲ್ಲಿ ಅಂಬೇಡ್ಕರ್ ಅಮೆರಿಕಕ್ಕೆ ಓದಲು ಹೋದದ್ದು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೊಟ್ಟ ವೇತನದಿಂದ: ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಆ ‘ತಿಂಗಳಿಗೆ’ ಎಂಬ ಮಾತಿನ ಬೆಲೆ ನನಗೆ ಅರ್ಥವಾದದ್ದು ಈ ಅರ್ಜಿಗಳ ಕೆಲಸಕ್ಕೆ ಕೂತ ಮೇಲೆ. ರೂಮಿನ ಬಾಡಿಗೆ ತಿಂಗಳಿಗೊಮ್ಮೆ ಕೊಡಬೇಕು, ಮೆಸ್ಸಿನ ಲೆಕ್ಕವೂ ತಿಂಗಳಿನದೇ. ನೀವು, ನಾನು ಪಡೆಯುವ ಸಂಬಳವೂ ಹಾಗೆಯೇ.

ನನ್ನ ಕೋರಿಕೆ ದೊಡ್ಡದಲ್ಲ. ಮೊದಲ ವರ್ಷ ಪರಿಶೀಲಿಸಿ ಒಪ್ಪಿದ ವಿದ್ಯಾರ್ಥಿಗೆ ಎರಡನೇ ವರ್ಷ ಹಾಜರಾತಿ, ಫಲಿತಾಂಶ ಮಾತ್ರ ನೋಡಿ ಮುಂದುವರಿಸಿ. ಊಟ, ವಸತಿಯ ಹಣವನ್ನು ಶುಲ್ಕದ ಹಣದಿಂದ ಬೇರೆ ಮಾಡಿ, ಪ್ರತಿ ತಿಂಗಳು ಗೊತ್ತಾದ ದಿನ ಹಾಕಿ. ಅರ್ಜಿ ತಿರಸ್ಕರಿಸಿದರೆ ಏಕೆಂದು ಕನ್ನಡದಲ್ಲಿ ಒಂದು ಸಾಲು ಬರೆಯಿರಿ. ತಿದ್ದಿಕೊಳ್ಳಲು ಸಮಯ ಕೊಡಿ. ಹಣ ಯಾವ ಬ್ಯಾಂಕಿಗೆ ಹೋಯಿತೆಂದು ಮಗುವಿನ ಮೊಬೈಲಿಗೆ ತಿಳಿಸಿ.

ಆ ಹುಡುಗ ಮತ್ತೆ ಬಂದು ಸೇರಿದ್ದಾನೆ, ಅದೇ ಎರಡನೇ ವರ್ಷಕ್ಕೆ. ಅಂಗೈಯ ಗಾಯ ಮಾಗಿದೆ. ಅಕ್ಟೋಬರಿಗೆ ಇನ್ನು ಆರು ವಾರ ಉಳಿದಿದೆ.

ಇಂತಿ,
ಒಬ್ಬ ಅಧ್ಯಾಪಕಿ