ಎರಡು ಚದರಡಿಯ ಯಜಮಾನ

ನಮ್ಮ ಸ್ಕೂಲಿಗೆ ಹೊಸದಾಗಿ ಬಂದಿರುವ ಗಣಿತದ ಮೇಷ್ಟ್ರು ಮೊನ್ನೆ ಸ್ಟಾಫ್ ರೂಮಿನಲ್ಲಿ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು: “ಸಾರ್, ಮೊದಲನೇ ಕಂತು ಹೆಂಗೆ ಕಟ್ಟೋದು?” ಗಂಡಸರು ಆ ದನಿಯಲ್ಲಿ ವಿಚಾರಿಸುವುದು ಸಾಮಾನ್ಯವಾಗಿ ಮೂಲವ್ಯಾಧಿಯ ಔಷಧಿಯನ್ನು. ಇವರಿಗೆ ಬಂದಿದ್ದುದು ಮನೆ ಸಾಲ. ಲೆಕ್ಕದ ಮೇಷ್ಟ್ರು ಬಂದು ಕನ್ನಡದ ಮೇಷ್ಟ್ರನ್ನು ಬಡ್ಡಿಯ ವಿಚಾರ ಕೇಳುತ್ತಾರೆಂದರೆ ಕಾರಣ ನನ್ನ ಪಾಂಡಿತ್ಯವಲ್ಲ. ನಾನು ಮೊದಲ ಕಂತು ಕಟ್ಟಲು ಹೋಗಿ ಮಾಡಿಕೊಂಡ ರಾದ್ಧಾಂತ ಕುಂದಾಣ ಹೋಬಳಿಯಲ್ಲಿ ಅಷ್ಟು ಹೊತ್ತಿಗಾಗಲೇ ಐತಿಹ್ಯವಾಗಿತ್ತು.

ಕನ್ನಡದ ಮೇಷ್ಟ್ರಾದ್ದರಿಂದ ನಾನು ಮೊದಲು ನಿಘಂಟು ತೆರೆದೆ. ಕಂತು ಎಂದರೆ ಹಳಗನ್ನಡದಲ್ಲಿ ಮನ್ಮಥ. ಕಂತು ಎಂದರೆ ಮುಳುಗು, ಹೊತ್ತು ಕಂತಿತು ಅನ್ನುತ್ತಾರಲ್ಲ, ಅದು. ಕಂತು ಎಂದರೆ ಸಾಲದ ಪಾಲು. ಈ ಮೂರೂ ಬೇರೆಬೇರೆ ಪದಗಳೆಂದು ವಿದ್ವಾಂಸರು ಹೇಳಬಹುದು; ಸಾಲ ಮಾಡಿದವನಿಗೆ ಅವು ಒಂದೇ ಪದದ ಮೂರು ಹಂತ. ಮನೆ ಎಂಬ ಮೋಹ ಮೊದಲು, ಮುಳುಗುವುದು ಆಮೇಲೆ, ಪಾಲು ಪಾಲಾಗಿ ಕೊಡುವುದು ಕೊನೆಗೆ. ಇನ್ನು ‘ಕಟ್ಟು’ ಎಂಬ ಕ್ರಿಯಾಪದವಂತೂ ನಮ್ಮ ಭಾಷೆ ಬೇಕೆಂತಲೇ ಒಡ್ಡಿದ ಬಲೆ. ಮನೆಯನ್ನೂ ಕಟ್ಟುತ್ತೇವೆ, ಕಂತನ್ನೂ ಕಟ್ಟುತ್ತೇವೆ. ಮೊದಲನೆಯದು ಎಂಟು ತಿಂಗಳು, ಎರಡನೆಯದು 20 ವರ್ಷ.

ಜಾಗ ಸಾಲದ್ದಲ್ಲ, ತಾತನದು. ಕುಂದಾಣದ ಗ್ರಾಮಠಾಣೆಯೊಳಗೆ ಹಳೆಯ ಹೆಂಚಿನ ಮನೆ, ಹಿಂದೆ ಒಂದು ಚಕ್ಕೋತದ ಮರ. ಆದರೆ ತಾತನ ಜಾಗ ತಾತನದೇ ಎಂದು ಬ್ಯಾಂಕಿಗೆ ನಂಬಿಸುವುದೇ ಆರು ತಿಂಗಳ ವ್ರತ. ಪಂಚಾಯಿತಿಯಿಂದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. ಎ ಹೋಗಿ ಬಿ ಆಗಿದ್ದರೆ ಮ್ಯಾನೇಜರು ನಮ್ಮನ್ನು ನೋಡುವ ನೋಟವೇ ಬೇರೆ. ಅದಾದ ಮೇಲೆ ಬ್ಯಾಂಕಿನ ವಕೀಲರು. “ಮೂವತ್ತು ವರ್ಷದ ಹಿಸ್ಟರಿ ಬೇಕು ಸ್ವಾಮಿ, ಯಾರಿಂದ ಯಾರಿಗೆ ಬಂತು ಅಂತ” ಎಂದರು. ಕುಂದಾಣದವನಿಗೆ ಬರೀ ಮೂವತ್ತು ವರ್ಷವೇ! ನಾನು ಹುರುಪಿನಿಂದ ಹೊಯ್ಸಳರಿಂದ ಶುರುಮಾಡಿದೆ. ಹದಿಮೂರನೇ ಶತಮಾನದಲ್ಲಿ ಸೋಮೇಶ್ವರ ರಾಜ್ಯವನ್ನು ಇಬ್ಬರು ಮಕ್ಕಳಿಗೆ ಪಾಲು ಮಾಡಿಕೊಟ್ಟ. ನರಸಿಂಹನಿಗೆ ದೋರಸಮುದ್ರದ ಕಡೆ, ರಾಮನಾಥನಿಗೆ ಶ್ರೀರಂಗದ ಹತ್ತಿರ ಕಣ್ಣನೂರಿನ ಕಡೆ. ಅಲ್ಲಿ ಪಾಂಡ್ಯರು ಒತ್ತುವರಿ ಮಾಡಿದ ಮೇಲೆ ರಾಮನಾಥ ಗಂಟುಮೂಟೆ ಕಟ್ಟಿಕೊಂಡು ಬಂದು ರಾಜಧಾನಿ ಮಾಡಿಕೊಂಡದ್ದು ಇದೇ ನಮ್ಮ ಕುಂದಾಣವನ್ನು ಎನ್ನುತ್ತಾರೆ. ಕೊನೆಗೆ ಮೂರನೇ ಬಲ್ಲಾಳ ಎರಡೂ ಪಾಲು ಒಟ್ಟು ಮಾಡಿದ.

ವಕೀಲರು ಪೆನ್ನಿನ ಮುಚ್ಚಳ ಹಾಕಿ ಕೇಳಿದರು: “ಬಲ್ಲಾಳನ ಹೆಸರಿಗೆ ಖಾತೆ ಆಗಿತ್ತಾ?”

ಆ ಕಡತದಲ್ಲಿ ನನಗೆ ತುಂಬ ಹಿಡಿಸಿದ ಕಾಗದವೆಂದರೆ ಋಣಭಾರ ಪ್ರಮಾಣಪತ್ರ. ಜನ ಇದನ್ನು ಇಸಿ ಇಸಿ ಎಂದು ಕರೆದು ಅದರ ಕಾವ್ಯವನ್ನೇ ಹಾಳುಮಾಡಿದ್ದಾರೆ. ಆಸ್ತಿಯ ಮೇಲೆ ಯಾವ ವ್ಯವಹಾರವೂ ಇಲ್ಲದಿದ್ದರೆ ಉಪನೋಂದಣಿ ಕಚೇರಿ ಕೊಡುವುದು ನಮೂನೆ 16, ಇದ್ದರೆ ನಮೂನೆ 15. ನಮ್ಮ ತಾತ, ಅಪ್ಪ ಇಬ್ಬರೂ ಹದಿನಾರರಲ್ಲೇ ಬಾಳಿ ಹದಿನಾರರಲ್ಲೇ ಕಣ್ಣು ಮುಚ್ಚಿದವರು. ಮೂಲಪತ್ರಗಳನ್ನು ಬ್ಯಾಂಕಿಗೆ ಒತ್ತೆಯಿಟ್ಟು ನೋಂದಣಿ ಮಾಡಿಸಿ ಬಂದ ದಿನ ನಾನು ಹದಿನೈದಕ್ಕೆ ಇಳಿದೆ. ಋಣದ ಭಾರಕ್ಕೆ ಸರ್ಕಾರದ ಮೊಹರು ಬಿತ್ತು. ಒಂದೇ ಸಮಾಧಾನವೆಂದರೆ, ಸಾಲ ತೀರಿದ 30 ದಿನದೊಳಗೆ ಆ ಪತ್ರಗಳನ್ನು ವಾಪಸು ಕೊಡಬೇಕು, ಬ್ಯಾಂಕಿನವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಕಟ್ಟಪ್ಪಣೆ ಮಾಡಿದೆ. 20 ವರ್ಷ ಆದ ಮೇಲೆ ಅವರು ಒಂದು ತಿಂಗಳಾದರೂ ಮೈಮರೆಯಲಿ ಎಂದು ಈಗಿನಿಂದಲೇ ಚನ್ನರಾಯಸ್ವಾಮಿಗೆ ಹರಕೆ ಹೊತ್ತಿದ್ದೇನೆ.

ಸಾಲ 25 ಲಕ್ಷ. ಬಡ್ಡಿ ಎಂಟೂವರೆ. ತಿಂಗಳಿಗೆ 21,696. ದುಡ್ಡನ್ನು ಅವರು ಒಟ್ಟಿಗೆ ಕೊಡಲಿಲ್ಲ. ಪಾಯಕ್ಕಿಷ್ಟು, ಲಿಂಟಲಿಗಿಷ್ಟು, ಮೋಲ್ಡಿಗಿಷ್ಟು ಎಂದು ಹಂತ ಹಂತವಾಗಿ ಬಿಟ್ಟರು. ಅಷ್ಟೂ ದಿನ ಬಿಟ್ಟಷ್ಟು ಹಣಕ್ಕೆ ಬಡ್ಡಿ ಮಾತ್ರ ಕಟ್ಟಿಸಿಕೊಂಡರು. ಅದಕ್ಕೆ ಪ್ರೀ-ಇಎಂಐ ಎಂದು ಹೆಸರು. ನಾನು ಅದನ್ನೇ ಕಂತು ಎಂದುಕೊಂಡು ಆರು ಸಲ ಕಟ್ಟಿ, “ಇನ್ನೆಷ್ಟು ಉಳೀತು ಮೇಡಂ?” ಎಂದು ಕೇಳಿದಾಗ ಬ್ಯಾಂಕಿನ ಹುಡುಗಿ ಕರುಣೆಯಿಂದ, “ಇನ್ನೂ ಶುರುವೇ ಆಗಿಲ್ಲ ಸರ್” ಎಂದಳು. ಕೊನೆಯ ಹಂತದ ಹಣ ಬಿಟ್ಟ ಮುಂದಿನ ತಿಂಗಳ 5ನೇ ತಾರೀಖಿನಿಂದ ನಿಜವಾದ ಕಂತು. ಗೃಹಪ್ರವೇಶದ ಹೋಳಿಗೆ ಇನ್ನೂ ಡಬ್ಬಿಯಲ್ಲಿತ್ತು.

ಆ ದಿನ ಬ್ಯಾಂಕಿನ ಹುಡುಗಿ ಒಂದು ಪಟ್ಟಿಯನ್ನೂ ಕೊಟ್ಟಳು, 240 ಸಾಲಿನದು. ಮೊದಲ ಸಾಲಿನಲ್ಲಿ ಬರೆದಿತ್ತು: ಕಂತು 21,696, ಅದರಲ್ಲಿ ಬಡ್ಡಿ 17,708, ಅಸಲು 3,987. ಪೈಸೆಗಳನ್ನು ನುಂಗಿದ್ದರಿಂದ ಕೂಡಿದರೆ ಒಂದು ರೂಪಾಯಿ ಕಡಮೆ ಬರುತ್ತದೆ. ಅದು ಯಾರ ಜೇಬಿಗೆ ಹೋಯಿತೆಂದು ನಾನು ಕೇಳಲಿಲ್ಲ. ರಾತ್ರಿ ಹೆಂಡತಿಗೆ ಪಟ್ಟಿ ತೋರಿಸಿದೆ. ಅವಳು ಓದುವುದು ಬಿಟ್ಟು ಭಾಗಾಕಾರ ಮಾಡಿದಳು. “ಮೇಸ್ತ್ರಿ ಚದರಡಿಗೆ ಎರಡು ಸಾವಿರ ಅಂದಿದ್ದನಲ್ಲ? ಹಂಗಾದ್ರೆ ಈ ತಿಂಗಳ ದುಡ್ಡಲ್ಲಿ ಎರಡು ಚದರಡಿ ನಮ್ಮದಾಯ್ತು.” ಹದಿನೈದು ಚದರದ ಮನೆಯಲ್ಲಿ ಎರಡು ಚದರಡಿ! ನಮ್ಮ ಕೈಯಿಂದ ಹಾಕಿದ ಐದು ಲಕ್ಷಕ್ಕೆ ಲೆಕ್ಕ ಎಲ್ಲಿ ಎಂದು ಕೇಳಿದೆ. ಅದೆಲ್ಲ ಪಾಯಕ್ಕೂ ಸಂಪಿಗೂ ಹೋಯಿತಂತೆ. ವಿಧಾನಸೌಧಕ್ಕೆ ಹೋದ ಕೊಯಿರಾ ಕಲ್ಲು ಸಿಗುವ ಊರು ಪಕ್ಕದಲ್ಲೇ ಇರುವಾಗ ಪಾಯಕ್ಕೆ ಬೇರೆ ಕಲ್ಲು ಹಾಕಿದರೆ ಹೆಸರು ಕೆಡುತ್ತದೆ ಎಂದು ನಾನೇ ಹಟ ಹಿಡಿದಿದ್ದೆ. ಹೀಗಾಗಿ ನಾವು ಭೂಮಿಯ ಒಳಗೆ ಮಾತ್ರ ಸಾಹುಕಾರರು.

ಈ ಲೆಕ್ಕವನ್ನು ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಅಮ್ಮ ಕೇಳಿಸಿಕೊಂಡಳು. ನಮ್ಮ ಮನೆಯಲ್ಲಿ ಕಂತಿನ ವಿಚಾರದಲ್ಲಿ ನಿಜವಾದ ಅನುಭವಿ ಅವಳೇ. ಸ್ತ್ರೀಶಕ್ತಿ ಸಂಘಗಳು 2000ನೇ ಇಸವಿಯ ಹೊತ್ತಿಗೆ ಶುರುವಾದ ಕಾಲದಿಂದ ಅವಳು ವಾರವಾರ ಕಂತು ಕಟ್ಟಿದವಳು, ಎಂದೂ ತಪ್ಪಿದವಳಲ್ಲ. ಜಗುಲಿಯ ಮೇಲೆ ಚಾಪೆ ಹಾಸಿ, ಹದಿನೈದು ಜನ ಹೆಂಗಸರು ಕೂತು, ಒಬ್ಬೊಬ್ಬರೂ ದುಡ್ಡು ಎಣಿಸಿ ಎಲ್ಲರ ಕಣ್ಣೆದುರಿಗೆ ಇಡಬೇಕು, ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಕಾಫಿ. “ನೀನು ಯಾರ ಕೈಗೆ ಕೊಡ್ತೀಯ?” ಎಂದಳು. ಯಾರ ಕೈಗೂ ಕೊಡುವುದಿಲ್ಲ, ನ್ಯಾಚ್ ಎಂದು ಒಂದಿದೆ, ಒಂದು ಸಲ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳೂ ಅದೇ ತೆಗೆದುಕೊಳ್ಳುತ್ತದೆ ಎಂದೆ. “ನಮಗೆ ಗೊತ್ತಾಗದಂಗಾ?” ಬೆಳಗಿನ ಜಾವ ತೆಗೆದುಕೊಳ್ಳಬಹುದು, ಆಮೇಲೆ ಮೆಸೇಜು ಬರುತ್ತದೆ ಎಂದೆ. ಅಮ್ಮ ಹೂವಿನ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹರಿದು, “ಬೆಳಗಿನ ಜಾವ ಬಂದು ಕೇಳ್ದೆ ತಗೊಂಡೋಗೋರಿಗೆ ನಮ್ ಕಡೆ ಬೇರೆ ಹೆಸರೈತೆ ಕಣಪ್ಪ” ಎಂದಳು.

ಅವಳ ಆಕ್ಷೇಪ ಅಷ್ಟಕ್ಕೇ ಮುಗಿಯಲಿಲ್ಲ. ಕ್ಯಾಲೆಂಡರು ನೋಡಿದರೆ 5ನೇ ತಾರೀಖು ಶುಕ್ರವಾರ. ಶುಕ್ರವಾರ ಲಕ್ಷ್ಮಿಯನ್ನು ಯಾರಾದರೂ ಮನೆಯಿಂದ ಆಚೆ ಕಳಿಸುತ್ತಾರೆಯೇ? ಮಂಗಳವಾರವಾದರೂ ಆಗಬಹುದು, ಮಂಗಳವಾರ ಸಾಲ ತೀರಿಸಿದರೆ ಬೇಗ ತೀರುತ್ತದೆ. ತಾರೀಖು ಬದಲಾಯಿಸುವುದಕ್ಕೆ ಆಗುವುದಿಲ್ಲ ಎಂದೆ. ಹಾಗಾದರೆ ಮೇಲೆ ಒಂದು ರೂಪಾಯಿ ಸೇರಿಸಿ ಕೊಡು ಎಂದಳು, ಮರುಗಳಿಗೆಯೇ, “ಬ್ಯಾಡ ಬ್ಯಾಡ, ಮುಯ್ಯಿಗಾದ್ರೆ ಸೇರಿಸಬೇಕು, ಅದು ಬೆಳೀಲಿ ಅಂತ. ಸಾಲಕ್ಕೆ ಸೇರಿಸಿದ್ರೆ ಸಾಲ ಬೆಳೆದೀತು” ಎಂದು ತಿದ್ದಿಕೊಂಡಳು.

ಆ ಒಂದು ರೂಪಾಯಿ ಸೇರಿಸಿದ್ದರೂ ಉಪಯೋಗವಾಗುತ್ತಿರಲಿಲ್ಲ. ಹದಿನೆಂಟು ಸೇರಿಸಬೇಕಾಗಿತ್ತು.

ಆದದ್ದು ಇಷ್ಟು. ಸಂಬಳದ ಖಾತೆಯಲ್ಲಿ ಖರ್ಚು ಬೆರೆತುಹೋಗುತ್ತದೆ ಎಂದು ಹೆಂಡತಿ ಕಂತಿಗೇ ಒಂದು ಬೇರೆ ಖಾತೆ ತೆರೆಸಿದ್ದಳು, ಇನ್ನೊಂದು ಬ್ಯಾಂಕಿನಲ್ಲಿ. ಶಿಸ್ತು ಎಂದರೆ ಶಿಸ್ತು ಎಂದು ನಾನು 3ನೇ ತಾರೀಖೇ ಅದಕ್ಕೆ ಸರಿಯಾಗಿ 21,696 ರೂಪಾಯಿ ಹಾಕಿ, ಕಾಲು ಚಾಚಿ ಮಲಗಿದೆ. 4ನೇ ತಾರೀಖು ಆ ಬ್ಯಾಂಕು ನನಗೆ ಮೂರು ತಿಂಗಳು ಮೆಸೇಜು ಕಳಿಸಿದ ಶ್ರಮಕ್ಕೆ 15 ರೂಪಾಯಿ, ಅದರ ಮೇಲೆ ಜಿಎಸ್‌ಟಿ 2 ರೂಪಾಯಿ 70 ಪೈಸೆ ಮುರಿದುಕೊಂಡಿತು. ಹಾಗೆ ಮುರಿದುಕೊಂಡೆ ಎಂದು ಒಂದು ಮೆಸೇಜನ್ನೂ ಕಳಿಸಿತು. ಅದನ್ನು ನಾನು ನೋಡಲಿಲ್ಲ; ಏಳನೇ ಕ್ಲಾಸಿನ ಕಿರುಪರೀಕ್ಷೆಯ ಪೇಪರು ತಿದ್ದುತ್ತ, ಕಾಗುಣಿತ ತಪ್ಪಿದ ಮಕ್ಕಳಿಗೆ ಎಚ್ಚರಿಕೆ ಸಾಲದು ಎಂದು ಬರೆಯುತ್ತಿದ್ದೆ. ಶುಕ್ರವಾರ ನ್ಯಾಚು ಬಂದು ನೋಡಿದರೆ 21,678 ರೂಪಾಯಿ 30 ಪೈಸೆ. ಚೌಕಾಸಿ ಅದಕ್ಕೆ ಗೊತ್ತಿಲ್ಲ. ಇದ್ದಷ್ಟು ತಗೊಂಡು ಉಳಿದದ್ದು ನಾಳೆ ಕೊಡಿ ಅನ್ನುವ ನಮ್ಮ ಹಾಲಿನವನ ದೊಡ್ಡತನವೂ ಇಲ್ಲ. ಬರಿಗೈಲಿ ತಿರುಗಿ ಹೋಯಿತು. ದುಡ್ಡಿರಲಿಲ್ಲ ಎಂದು ಈ ಬ್ಯಾಂಕು 590 ದಂಡ ಹಾಕಿತು. ದುಡ್ಡು ಬರಲಿಲ್ಲ ಎಂದು ಆ ಬ್ಯಾಂಕೂ 590 ಹಾಕಿತು. 17 ರೂಪಾಯಿ 70 ಪೈಸೆಯ ಕೊರತೆಗೆ 1,180 ರೂಪಾಯಿ.

ಅಮ್ಮನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. “ಶುಕ್ರವಾರ ಅವಳು ಹೊಸಿಲು ದಾಟಲ್ಲ ಅಂತ ನಾನು ಹೇಳಿರಲಿಲ್ವಾ?” ಎಂದಳು. ಇಂಥ ಪುರಾವೆಯ ಮುಂದೆ ಎಸ್ಸೆಮ್ಮೆಸ್ ಶುಲ್ಕದ ವಾದ ನಿಲ್ಲುವುದಿಲ್ಲ.

ಶನಿವಾರ ಬ್ಯಾಂಕು ತೆರೆದಿತ್ತು, ಆದರೆ ಶನಿವಾರ. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ಬ್ಯಾಂಕು ಬಾಗಿಲು ತೆಗೆಯುವುದೇ ಹತ್ತಕ್ಕಾದ್ದರಿಂದ ಒಟ್ಟು ಬ್ಯಾಂಕಿಂಗ್ ವ್ಯವಸ್ಥೆಯ ಬಗ್ಗೆ ಅಮ್ಮನಿಗೆ ಮೊದಲ ಸಲ ಒಂದು ಒಳ್ಳೆಯ ಅಭಿಪ್ರಾಯ ಬಂತು. ತಾನೂ ಬರುತ್ತೇನೆ ಎಂದು ಹೊರಟಳು. ನನ್ನ ಸ್ಕೂಟರಿನ ಹಿಂದೆ ಕೂತ ಅವಳ ಮಡಿಲಲ್ಲಿ ಒಂದು ಕೈಚೀಲ. ಆಚೆಗೆ ಬೀರಸಂದ್ರದ ಜಿಲ್ಲಾಡಳಿತ ಭವನದ ಕಡೆಯಿಂದ ಬರುವ ಕಾರುಗಳು, ತಲೆಯ ಮೇಲೆ ಚಕ್ರ ಬಿಚ್ಚಿಕೊಂಡು ಇಳಿಯುವ ವಿಮಾನಗಳು. ದಾರಿಯುದ್ದಕ್ಕೂ ಅವಳು ಆ ಚೀಲವನ್ನು ಹಸುಗೂಸಿನ ಹಾಗೆ ಹಿಡಿದುಕೊಂಡಿದ್ದಳು.

ಕೌಂಟರಿನ ಮುಂದೆ ಚೀಲ ತೆರೆದಳು. ಕರ್ಚೀಫಿನಲ್ಲಿ ಗಂಟು ಹಾಕಿದ ದುಡ್ಡು, ಐನೂರರ ನಲವತ್ತಮೂರು ನೋಟು, ಮೇಲೆ ಚಿಲ್ಲರೆ. ದಂಡದ್ದು ಬೇರೆ ಗಂಟು. ಅದನ್ನು ಇದರ ಜೊತೆ ಸೇರಿಸಕೂಡದಂತೆ, ಮೈಲಿಗೆ. ಅವುಗಳ ಕೆಳಗೆ ಐದು ವೀಳ್ಯದೆಲೆ, ಎರಡು ಅಡಿಕೆ, ಹಿತ್ತಲಿನ ಒಂದು ಚಕ್ಕೋತ. ಎಲ್ಲವನ್ನೂ ಚಲನ್ ಮೇಲೆ ಜೋಡಿಸಿ ಗಾಜಿನ ಕಿಂಡಿಯೊಳಗೆ ತಳ್ಳಿದಳು. ಚಕ್ಕೋತ ಕಿಂಡಿಯಲ್ಲಿ ಹಿಡಿಸದೆ ಅಡ್ಡ ನಿಂತಿತು. ಕ್ಯಾಷಿಯರ್ ಹುಡುಗ ಹೊಸಬ. ದುಡ್ಡನ್ನು ಈಚೆಗೆ ಎಳೆದುಕೊಂಡು, ಎಲೆಯಡಿಕೆಯನ್ನು ಮೆತ್ತಗೆ ಆಚೆಗೆ ತಳ್ಳಿದ. ಅಮ್ಮ ಮತ್ತೆ ತಳ್ಳಿದಳು. ಅವನು ಮತ್ತೆ ವಾಪಸು ಮಾಡಿ ತಲೆಯೆತ್ತಿ ಸೀಸಿಟಿವಿ ನೋಡಿದ. ಲಂಚ ಎಂದುಕೊಂಡಿರಬೇಕು. ಸಾಲಿನಲ್ಲಿ ಹಿಂದೆ ನಿಂತಿದ್ದ ರೇಷ್ಮೆಗೂಡಿನ ವ್ಯಾಪಾರಿ ಗಡಿಯಾರ ನೋಡಿಕೊಂಡ. ನಾನು ಗೋಡೆಯ ಮೇಲಿದ್ದ ರೆಪೋ ದರದ ನೋಟೀಸನ್ನು ಮೊದಲ ಸಲ ಪೂರ್ತಿಯಾಗಿ ಓದಿದೆ.

ಕಾಪಾಡಿದವರು ಮೂಲೆಯಲ್ಲಿ ಕೂತು ಒಡವೆ ಸಾಲದ ಚಿನ್ನ ಉಜ್ಜಿ ನೋಡುತ್ತಿದ್ದ ಅಪ್ರೈಸರು, ನಮ್ಮ ಸೀಮೆಯವರು. ಒರೆಗಲ್ಲು ಪಕ್ಕಕ್ಕಿಟ್ಟು ಎದ್ದು ಬಂದು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎರಡೂ ಕೈ ಒಡ್ಡಿ, “ಕೊಡಿ ತಾಯಿ, ಬ್ಯಾಂಕಿನ ಪರವಾಗಿ ನಾನು ತಗೊಂಡೆ” ಎಂದರು. ಅಮ್ಮ ಕೊಟ್ಟಳು. ಅವರು ಎಲೆಗಳನ್ನು ಕಣ್ಣಿಗೊತ್ತಿಕೊಂಡರು. ಕ್ಯಾಷಿಯರ್ ಹುಡುಗ ಟಪ್ ಎಂದು ಸೀಲು ಹೊಡೆದ. ಅಮ್ಮ ರಸೀತಿಯನ್ನು ಮಡಿಸಿ ಕರ್ಚೀಫಿನಲ್ಲಿ ಗಂಟು ಹಾಕಿಕೊಂಡು, “ಈಗ ಕಟ್ಟಿದಂಗಾಯ್ತು” ಎಂದಳು.

ಗಣಿತದ ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟನ್ನೇ, ಸ್ವಲ್ಪ ಕತ್ತರಿಸಿ. ನ್ಯಾಚಿಗೆ ಕೊಟ್ಟ ಒಪ್ಪಿಗೆ, ಅಂದರೆ ಮ್ಯಾಂಡೇಟು, ನೋಂದಣಿಯಾಗಿದೆಯೇ ಎಂದು ಹತ್ತು ದಿನ ಮುಂಚೆಯೇ ವಿಚಾರಿಸಿ. ಆಗಿಲ್ಲದಿದ್ದರೆ ಮೊದಲ ಕಂತನ್ನು ನೀವೇ ಹೋಗಿ ಸಾಲದ ಖಾತೆಯ ನಂಬರಿಗೆ ಕಟ್ಟಿ ರಸೀತಿ ಇಟ್ಟುಕೊಳ್ಳಿ. ಫೋನು ಮಾಡಿ ಲಿಂಕು ಕಳಿಸುವ ಯಾರಿಗೂ ಕಟ್ಟಬೇಡಿ. ಖಾತೆಯಲ್ಲಿ ಕಂತಿನಷ್ಟೇ ಇಡಬೇಡಿ, ಒಂದೆರಡು ಸಾವಿರ ಮೇಲಿರಲಿ. ಅವರು ಎಲ್ಲವನ್ನೂ ಬರೆದುಕೊಂಡು, “ಚಕ್ಕೋತ ಕಂಪಲ್ಸರಿನಾ ಸಾರ್?” ಎಂದು ಕೇಳಿದರು.

ಎರಡು ಚದರಡಿಯನ್ನು ಅಮ್ಮ ಮರೆತಿರಲಿಲ್ಲ. ಬ್ಯಾಂಕಿನಿಂದ ಬಂದ ಸಂಜೆಯೇ ನನ್ನ ಕೈಯಲ್ಲಿ ಟೇಪು ಹಿಡಿಸಿ ಹೊಸಿಲನ್ನು ಅಳತೆ ಮಾಡಿಸಿದಳು. ನಾಲ್ಕಡಿ ಉದ್ದ, ಅರ್ಧ ಅಡಿ ಅಗಲ, ಸರಿಯಾಗಿ ಎರಡು. ಅರಿಶಿನ ಬಳಿದು, ಕುಂಕುಮವಿಟ್ಟು, ಎರಡೂ ತುದಿಗೆ ಹೂವಿಟ್ಟಳು.

ಮುಂದಿನ ವಾರ ಮೂರು ದಿನ ಜಡಿ ಮಳೆ. ರಾತ್ರಿ ಹನ್ನೊಂದರ ಹೊತ್ತಿಗೆ ಹಾಲಿನ ಮೂಲೆಯಲ್ಲಿ ಟಪಟಪ ಸದ್ದು. ದೀಪ ಹಾಕಿ ನೋಡಿದರೆ ಮೋಲ್ಡು ಜಿನುಗುತ್ತಿದೆ. ನಾನು ಬಕೆಟ್ಟು ಹುಡುಕುತ್ತ, ಮೇಸ್ತ್ರಿಯ ವಂಶಾವಳಿಯನ್ನೆಲ್ಲ ಸ್ಮರಿಸುತ್ತ ಓಡಾಡುತ್ತಿದ್ದೆ. ಅಮ್ಮ ಎದ್ದು ಬಂದು ಮೇಲೆ ನೋಡಿದಳು, ಕೆಳಗೆ ನೋಡಿದಳು, ಬಾಗಿಲ ತನಕ ಹೋಗಿ ಹೊಸಿಲನ್ನು ಕೈಯಿಂದ ಸವರಿ ನೋಡಿದಳು. ಅದು ಒಣಗಿತ್ತು.

“ನಮ್ದೇನೂ ಸೋರ್ತಿಲ್ಲ” ಎಂದು ಸೆರಗು ಹೊದ್ದುಕೊಂಡು ಮಲಗಲು ಹೊರಟಳು. “ಬೆಳಗ್ಗೆ ಬ್ಯಾಂಕಿನೋರಿಗೆ ಫೋನ್ ಮಾಡಿ ಹೇಳು, ಅವರ ಕಡೆ ಸೋರ್ತಾ ಐತೆ ಅಂತ.”